ಬರ ಬ್ಯಾರೆ, ಕೊರತೆ ಬ್ಯಾರೆ

ನಮ್ಮ ಊರಿನ ಮುದುಕಿಯರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರ ಇಂಗ್ಲಿಷಿನ ಒಂದು ಶಬ್ದ ಎಲ್ಲರಿಗೂ ಬರತದ. ಅದು "ಸ್ಕೇರ್ಸಿಟಿ." ಊರ ಪಡುವಲಕ್ಕ ಇರುವ ಸಣ್ಣ ಕೆರೆ ಸ್ಕೇರ್ಸಿಟಿ ಕೆರೆ. ಅಲ್ಲಿಗೆ ಹೋಗುವ ಖಡಿ ರಸ್ತೆ ಸ್ಕೇರ್ಸಿಟಿ ರಸ್ತೆ. ಯಾರಾದರೂ ವಯಸ್ಸು ಕೇಳಿದರ "ಸ್ಕೇರ್ಸಿಟಿಯಾಗ ನನ್ನ ಹಿರಿಮಗ ಮೊಲೆ ಕುಡಿಯೋ ಕೂಸು, ನೀನ ಲೆಕ್ಕಾ ಹಾಕೊ" ಅಂತಾರ. ಕೆಲವರ ಬಾಯಾಗ ಅದು "ಕಾರಸಿಟಿ" ಆಗಿ ಬರತದ. ಹೆಂಗ ಬಂದರೂ ಅರ್ಥ ಮಾತ್ರ ಗಟ್ಟಿ.

ಅದೇ ಮುದುಕಿಯರ ಮುಂದ "ಫ್ಯಾಮಿನ್" ಅಂದರ ಮುಖ ನೋಡತಾರ. ಆ ಶಬ್ದ ನಮ್ಮ ಹಳ್ಳಿಗೆ ಬರಲೇ ಇಲ್ಲ. ಬರುವ ದಾರಿಯೊಳಗೇ ಅದನ್ನ ತಡೆದು ನಿಲ್ಲಿಸಿದರು. ನಮ್ಮ ರಾಜ್ಯದ ಕಾಯದೆ ಪುಸ್ತಕದಿಂದ ಅದು ಹೊರಗ ಹೋಗಿ ಅರವತ್ತು ವರ್ಷ ದಾಟಿತು. ಈ ಎರಡು ಶಬ್ದ ಅಕ್ಕ ತಂಗಿ ಇದ್ದಂಗ. ದೂರದಿಂದ ನೋಡಿದರ ಒಂದೇ ಮಾರಿ, ಹತ್ತರ ಹೋದರ ನಡತಿ ಬ್ಯಾರೆ ಬ್ಯಾರೆ. ಅವುಗಳ ಬಗ್ಗೆ ನನಗ ತಿಳಿದಷ್ಟು ಬರೆಯಬೇಕು ಅನ್ನಿಸಿತು.

ನಾನು ಜತ್ತ ತಾಲೂಕಿನ ಒಕ್ಕಲುತನದ ಮನುಷ್ಯ. ಏಳು ಎಕರೆ ಹೊಲ, ಅದರಾಗ ಮೂರು ಎಕರೆ ಬರೇ ಕಲ್ಲು. ರಾತ್ರಿ ಭಜನಿ, ಡೊಳ್ಳಿನ ಪದ, ಸುಗ್ಗಿಯಾಗ ಹಂತಿ ಪದ ಹಾಡತೀನಿ. ಕಲಿತದ್ದು ಕನ್ನಡ ಶಾಲೆಯಾಗ ಏಳನೆಯ ಇಯತ್ತೆ. ಇಂಗ್ಲಿಷು ಅಕ್ಷರ ಕೂಡಿಸಿ ಓದುವಷ್ಟೇ ಬರತದ. ಹಂಗಿದ್ದರೂ ಶಬ್ದದ ಬಗ್ಗೆ ಬರೆಯಾಕ ಕೂತೀನಿ, ಯಾಕಂದರ ಹಾಡುವವನ ಕೆಲಸವೇ ಶಬ್ದ ತೂಗುವುದು. ಪದದಾಗ ಸಲ್ಲದ ಶಬ್ದ ಬಿದ್ದರ ತಾಳ ಹಿಡಿದವರು ತಟ್ಟನೆ ಮುಖ ನೋಡತಾರ. ಸರ್ಕಾರದ ಕಾಗದದಾಗ ಸಲ್ಲದ ಶಬ್ದ ಬಿದ್ದರ ನೋಡುವವರು ಯಾರೂ ಇರೂದಿಲ್ಲ. ಅದರ ಫಲ ಮಾತ್ರ ನಮ್ಮ ಹೊಲಕ್ಕ ಬಂದು ಮುಟ್ಟತದ.

ನಮ್ಮ ವಾಚನಾಲಯದಾಗ ಒಂದು ದಪ್ಪ ಇಂಗ್ಲಿಷ್ ನಿಘಂಟು ಅದ. ಒಂದು ಸಂಜಿ ಶಾಲೆಯ ಗುರುಗಳು ಅದನ್ನ ತೆಗೆದು ಎರಡೂ ಶಬ್ದ ಓದಿ ಹೇಳಿದರು. ಫ್ಯಾಮಿನ್ ಅನ್ನುವ ಶಬ್ದದ ತವರುಮನಿ ಲ್ಯಾಟಿನ್ ಭಾಷೆಯ "ಫಾಮೆಸ್." ಅದರ ಅರ್ಥ ಹಸಿವು. ಸ್ಕೇರ್ಸ್ ಅನ್ನುವ ಶಬ್ದವೂ ಲ್ಯಾಟಿನ್ನಿನಿಂದ ಫ್ರೆಂಚಿಗೆ ಬಂದು, ಅಲ್ಲಿಂದ ಇಂಗ್ಲಿಷಿಗೆ ಬಂದದ್ದು. ಅದರ ಮೂಲ ಅರ್ಥ "ಆರಿಸಿ ಕಿತ್ತು ತೆಗೆದದ್ದು." ಅಂದರ ಇದ್ದದ್ದರೊಳಗ ತೆಗೆದು ತೆಗೆದು ಕಡಿಮಿ ಆದದ್ದು. ಇದನ್ನ ಕೇಳಿದ ಮ್ಯಾಲೆ ನನಗ ಅರ್ಧ ಲೆಕ್ಕ ಅಲ್ಲೇ ಹರೀತು. ಒಂದು ಶಬ್ದ ಹೊಟ್ಟಿಯೊಳಗ ಹುಟ್ಟೇದ. ಇನ್ನೊಂದು ಬುಟ್ಟಿಯೊಳಗ ಹುಟ್ಟೇದ.

ಬಳಸುವ ರೀತಿಯೊಳಗೂ ಈ ಗುಣ ಕಾಣತದ. ಇಂಗ್ಲಿಷಿನವರು ಸ್ಕೇರ್ಸಿಟಿ ಅಂದ ಕೂಡಲೇ ಅದಕ್ಕೊಂದು ಬಾಲ ಹಚ್ಚತಾರ ಅಂತ ಗುರುಗಳು ಹೇಳಿದರು. ನೀರಿನ ಸ್ಕೇರ್ಸಿಟಿ, ಮೇವಿನ ಸ್ಕೇರ್ಸಿಟಿ, ಸಿಮೆಂಟಿನ ಸ್ಕೇರ್ಸಿಟಿ. "ಯಾತರದು?" ಅಂತ ಕೇಳಿದರ ಉತ್ತರ ಬರಲೇಬೇಕು. ಫ್ಯಾಮಿನ್‌ಗೆ ಸಾಮಾನ್ಯವಾಗಿ ಬಾಲ ಬೇಕಾಗೂದಿಲ್ಲ. ಫ್ಯಾಮಿನ್ ಬಿತ್ತು ಅಂದರ ಸಾಕು, ಯಾತರದು ಅಂತ ಯಾರೂ ಕೇಳೂದಿಲ್ಲ. ಯಾರಿಗೆ, ಯಾವ ಊರಿಗೆ ಅಂತ ಕೇಳತಾರ. ಸ್ಕೇರ್ಸಿಟಿಯ ಹಿಂದ ವಸ್ತು ಬರತದ. ಫ್ಯಾಮಿನ್ನಿನ ಹಿಂದ ಮನುಷ್ಯ ಬರತಾನ.

ಇನ್ನೂ ಒಂದು ಮಾತು. ಸ್ಕೇರ್ಸಿಟಿ ಅನ್ನುವುದು ಕೆಲವರಿಗೆ ಲಾಭದ ಶಬ್ದ. ಬಂಗಾರ ಕಡಿಮಿ ಸಿಗತದ, ಅದಕ್ಕ ಅದಕ್ಕ ಬೆಲೆ. ಉಳ್ಳಾಗಡ್ಡಿ ಕಡಿಮಿ ಆದರ ಗೋದಾಮಿನಾಗ ಇಟ್ಟವನಿಗೆ ಸುಗ್ಗಿ. ಹಿಂಗಾಗಿ ಅಂಗಡಿಯವರ ಬಾಯಾಗೂ, ಅರ್ಥಶಾಸ್ತ್ರದ ಪುಸ್ತಕದಾಗೂ ಆ ಶಬ್ದ ಯಾವ ಅಂಜಿಕಿ ಇಲ್ಲದ ಓಡಾಡತದ. ಫ್ಯಾಮಿನ್ ಅನ್ನುವ ಶಬ್ದವನ್ನ ಹಂಗ ಪ್ಯಾಟಿಯಾಗ ಓಡಾಡಿಸಾಕ ಬರೂದಿಲ್ಲ.

ನಮ್ಮ ಕನ್ನಡದಾಗ ಇವಕ್ಕ ಸರಿಯಾದ ಜೋಡಿ ಅದಾವ. ಸ್ಕೇರ್ಸಿಟಿ ಅಂದರ ಕೊರತೆ, ಫ್ಯಾಮಿನ್ ಅಂದರ ಬರ, ಪುಸ್ತಕದ ಭಾಷೆಯಾಗ ಕ್ಷಾಮ. ಇವುಗಳ ಕ್ರಿಯಾಪದ ನೋಡ್ರಿ. ಕೊರತೆ ಆಗತದ, ಕೊರತೆ ನೀಗತದ. ಬರ ಹಂಗ ಆಗೂದಿಲ್ಲ, ಅದು ಬೀಳತದ. ಸಿಡಿಲು ಬಿದ್ದಂಗ, ಮನಿ ಗ್ವಾಡಿ ಬಿದ್ದಂಗ. ಪಂಕ್ತಿಯಾಗ ಹುಡುಗರು ಗಬಗಬ ತಿಂದರ ಅವ್ವ ಬೈಯತಿದ್ದಳು, "ಬರಗೆಟ್ಟವರಂಗ ಉಣಬ್ಯಾಡ್ರೋ." ಕೊರತೆಗೆಟ್ಟವರಂಗ ಅಂತ ಯಾವ ತಾಯಿಯೂ ಬೈದದ್ದು ನಾ ಕೇಳಿಲ್ಲ. ಬರ, ಬರಿದು, ಬರಿಗೈ, ಬರಿಹೊಟ್ಟಿ, ಇವೆಲ್ಲಾ ಕಿವಿಗೆ ಒಂದೇ ಮನೆತನದವರಂಗ ಕೇಳತಾವ. ಮಳಿ ಹೆಚ್ಚಾಗಿ ಜ್ವಾಳ ಕೊಳೆತು ಹೋದರೂ ನಾವು ಅದಕ್ಕ "ಹಸಿ ಬರ" ಅಂತೀವಿ. ಮಳಿ ಬಂದರೇನು, ಹೋದರೇನು, ಹೊಟ್ಟಿಗೆ ಇಲ್ಲ ಅಂದ ಮ್ಯಾಲೆ ಅದು ಬರವೇ. ನಮ್ಮ ಹಿರಿಯರು ಈ ಶಬ್ದವನ್ನ ಆಕಾಶ ನೋಡಿ ಇಟ್ಟಿಲ್ಲ, ಗಂಗಾಳ ನೋಡಿ ಇಟ್ಟಾರ.

ಗಡಿಯ ಈಚೆ ಇರುವ ನಮಗ ಇನ್ನೊಂದು ಮಜಲು ಅದ. ಸರ್ಕಾರದ ಕಾಗದ ಮರಾಠಿಯಾಗ ಬರತದ. ಮರಾಠಿಯಾಗ ದುಷ್ಕಾಳ ಅಂದರ ಬರ, ಟಂಚಾಈ ಅಂದರ ಕೊರತೆ. ಕಾಯದೆಯ ಶಬ್ದ ಇಂಗ್ಲಿಷಿನಾಗ ಹುಟ್ಟತದ, ಮರಾಠಿಯಾಗ ಬೆಳೀತದ, ಕನ್ನಡದಾಗ ನಮ್ಮ ಕಟ್ಟಿಗೆ ಬಂದು ಕೂಡತದ. ಮೂರು ಹೊಸ್ತಿಲು ದಾಟಿ ಬರುವಷ್ಟರಾಗ ಅದರ ಚಪ್ಪಲಿ ಸವೆದಿರತದ. ತಲಾಠಿ "ಟಂಚಾಈ" ಅಂದರ ನಮ್ಮ ಹಿರಿಯರು "ಹಂಗಾರ ಬರ ಜಾಹೀರ ಆತು" ಅಂತ ಸಮಾಧಾನ ಪಡತಿದ್ದರು. ಅವು ಒಂದೇ ಅಲ್ಲ ಅಂತ ತಿಳಿಯೂದು ತಹಸೀಲಿಯ ಕಿಟಕಿ ಮುಂದ ನಿಂತಾಗ.

ಈ ಎರಡು ಶಬ್ದ ಸರ್ಕಾರದ ಮನಿ ಹೊಕ್ಕದ್ದು ಹೆಂಗ ಅನ್ನೂದಕ್ಕ ಸ್ವಲ್ಪ ಹಿಂದ ಹೋಗಬೇಕು. ನಮ್ಮ ಬಾಜೂಕಿನ ವಿಜಾಪುರ ಸೀಮೆಯಾಗ 1791ರ ಸುಮಾರಿಗೆ ಬಿದ್ದ ಬರಕ್ಕ ಜನ "ಡೋಗಿ ಬರ" ಅಂತ ಹೆಸರಿಟ್ಟಿದ್ದರು. ಡೋಗಿ ಅಂದರ ತಲಿಬುರುಡಿ. ಮಣ್ಣು ಮಾಡುವವರಿಲ್ಲದ ಬುರುಡಿಗಳು ನೆಲದ ಮ್ಯಾಲೆ ಬಿದ್ದಿದ್ದವು, ಅದಕ್ಕ ಆ ಹೆಸರು. ಆ ಮ್ಯಾಲೆ ಬಂದದ್ದು 1876ರಿಂದ 1878ರ ತನಕದ ದೊಡ್ಡ ಬರ. ಸೊಲ್ಲಾಪುರ, ಆಗಿನ ಕಲಾದಗಿ ಜಿಲ್ಲೆ, ಬಳ್ಳಾರಿ, ಮೈಸೂರು, ಮದ್ರಾಸು ಎಲ್ಲಾ ಕಡೆ ಅದು ಬಡೀತು. ಬ್ರಿಟಿಷರ ಆಳಿಕಿಯ ಸೀಮೆಯಾಗ 50 ಲಕ್ಷಕ್ಕೂ ಹೆಚ್ಚು ಜನ ಸತ್ತರು ಅಂತ ಲೆಕ್ಕ ಹಾಕ್ಯಾರ.

ಆಗ ಸರ್ಕಾರ ಕೆಲಸಾ ಕೊಟ್ಟಿತ್ತು. ಆದರ ರಿಚರ್ಡ್ ಟೆಂಪಲ್ ಅನ್ನುವ ದೊಡ್ಡ ಸಾಹೇಬ 1877ರಾಗ ಕೂಲಿ ಇಳಿಸಿದ. ದಿನಾಪೂರ್ತಿ ಮಣ್ಣು ಹೊರುವ ಗಂಡಾಳಿಗೆ 1 ಪೌಂಡ್ ಕಾಳು, ಮ್ಯಾಲೆ ಒಂದು ಚಿಲ್ಲರೆ ನಾಣ್ಯ. ಒಂದು ಪೌಂಡ್ ಅಂದರ ಅರ್ಧ ಕಿಲೋಕ್ಕೂ ಕಡಿಮಿ. ಮುಂಬಯಿ ಪ್ರಾಂತದಾಗ ಸಾವಿರಾರು ಕೂಲಿ ಜನ ಈ ಕೂಲಿ ಒಲ್ಲೆವು ಅಂತ ಕೆಲಸ ಬಿಟ್ಟು ಹೊರಗ ನಡೆದರು. ಹಸಿದವರು ಹೂಡಿದ ಮುಷ್ಕರ ಅದು. ಪುಣೆಯ ಸಾರ್ವಜನಿಕ ಸಭಾದವರು ಅವರ ಪರವಾಗಿ ಬರೆದರು.

ಅಷ್ಟು ಜನ ಸತ್ತ ಮ್ಯಾಲೆ ಸರ್ಕಾರ ಒಂದು ಆಯೋಗ ಮಾಡಿತು. 1880ರಾಗ ಅದರ ವರದಿ ಬಂತು. ಅದರ ಬುನಾದಿ ಮ್ಯಾಲೆ "ಫ್ಯಾಮಿನ್ ಕೋಡ್" ಅನ್ನುವ ನಿಯಮದ ಪುಸ್ತಕ ತಯಾರಾದವು. ಅವುಗಳೊಳಗ ಮೊದಲ ಸಲ ಈ ಎರಡು ಶಬ್ದ ಎರಡು ಮೆಟ್ಟಿಲಾಗಿ ನಿಂತವು. ಕೆಳಗಿನ ಮೆಟ್ಟಿಲು ಸ್ಕೇರ್ಸಿಟಿ, ಮ್ಯಾಲಿನ ಮೆಟ್ಟಿಲು ಫ್ಯಾಮಿನ್. ಧಾರಣಿ ಏರಿತೇನು, ಜನ ಊರು ಬಿಡಾಕ ಹತ್ತಿದರೇನು, ಕಳುವು ಹೆಚ್ಚಾದವೇನು ಅಂತ ಅಧಿಕಾರಿ ನೋಡಬೇಕು. ಪರೀಕ್ಷೆಗಂತ ಕೆಲಸಾ ತೆಗೀಬೇಕು. ಕಡಿಮಿ ಕೂಲಿಗೂ ಜನ ಮುಗಿಬಿದ್ದು ಬಂದರ ಪರಿಸ್ಥಿತಿ ಕೆಟ್ಟೇತಿ ಅಂತ ತಿಳೀಬೇಕು. ಫ್ಯಾಮಿನ್ ಅಂತ ಜಾಹೀರ ಮಾಡಿದರ ಸರ್ಕಾರಕ್ಕ ಹೊಣಿ ಬೀಳತದ. ಕೆಲಸಾ ಕೊಡಬೇಕು, ಕೆಲಸಾ ಮಾಡಲಾರದವರಿಗೆ ಪುಕ್ಕಟೆ ಊಟ ಹಾಕಬೇಕು. ಅಲ್ಲಿಂದ ಮುಂದ ಫ್ಯಾಮಿನ್ ಅನ್ನುವುದು ಖರ್ಚಿನ ಶಬ್ದ ಆತು. ಖರ್ಚಿನ ಶಬ್ದವನ್ನ ಬಾಯಿಬಿಟ್ಟು ಆಡಾಕ ಆಳುವವರು ಹಿಂದ ಮುಂದ ನೋಡತಾರ.

ಇದಕ್ಕ ದೊಡ್ಡ ಸಾಕ್ಷಿ 1943ರ ಬಂಗಾಲ. ಯುದ್ಧದ ಕಾಲ. ಅಕ್ಕಿ ಧಾರಣಿ ಆಕಾಶಕ್ಕ ಹೋಯಿತು. ಕೂಲಿಕಾರರು, ಮೀನುಗಾರರು, ಸಣ್ಣ ಕಸಬಿನವರು ಕೊಂಡು ತಿನ್ನಲಾರದ ಕಲಕತ್ತಾದ ಬೀದಿಗೆ ಬಂದು ಬಿದ್ದರು. ಸುಮಾರು 30 ಲಕ್ಷ ಜನ ಸತ್ತರು ಅಂತ ಅಂದಾಜು. ಅಷ್ಟಾದರೂ ಅಲ್ಲಿಯ ಸರ್ಕಾರ ಕೋಡಿನ ಪ್ರಕಾರ ಫ್ಯಾಮಿನ್ ಅಂತ ಜಾಹೀರ ಮಾಡಲೇ ಇಲ್ಲ. ಹೆಣ ಬೀದಿಯಾಗ ಬಿದ್ದಿದ್ದವು, ಶಬ್ದ ಮಾತ್ರ ಕಪಾಟಿನೊಳಗ ಉಳೀತು.

ಇನ್ನ ನಮ್ಮ ರಾಜ್ಯದ ಕತಿ. ಮಹಾರಾಷ್ಟ್ರ ರಾಜ್ಯ ಆದದ್ದು 1960ರ ಮೇ 1ರಂದು. 1963ರಾಗ ಒಂದು ಕಾಯದೆ ಬಂತು. ಅದರ ಹೆಸರೇ "ಫ್ಯಾಮಿನ್ ಅನ್ನುವ ಶಬ್ದವನ್ನ ತೆಗೆದುಹಾಕುವ ಕಾಯದೆ" ಅನ್ನುವ ಅರ್ಥದ್ದು. ಸರ್ಕಾರ ಬೆಳಿ ಪರಿಸ್ಥಿತಿಯ ಮ್ಯಾಲೆ ಯಾವಾಗಲೂ ಕಣ್ಣಿಟ್ಟಿರತದ, ಕೊರತೆಯ ಲಕ್ಷಣ ಕಂಡ ಕೂಡಲೇ ನೆರವು ಕೊಡತದ, ಆದ್ದರಿಂದ ಇನ್ನು ಬರಕ್ಕ ಜಾಗಾನೇ ಇಲ್ಲ, ಅದು ಅದರ ತಿರುಳು. ರಾಜ್ಯಕ್ಕ ಅನ್ವಯ ಆಗುವ ಕಾಯದೆಗಳೊಳಗ ಫ್ಯಾಮಿನ್ ಇದ್ದಲ್ಲೆಲ್ಲಾ ಅದನ್ನ ಅಳಿಸಿ ಸ್ಕೇರ್ಸಿಟಿ ಅಂತ ಬರೆದರು. ಜಗತ್ತಿನಾಗ ಎಷ್ಟೋ ರಾಜರು ಬರ ಓಡಿಸಾಕ ಕೆರೆ ಕಟ್ಟಿಸ್ಯಾರ, ಹಗೇವು ತೆಗೆಸ್ಯಾರ. ಶಬ್ದ ಅಳಿಸಿ ಬರ ಓಡಿಸಿದ್ದು ನಮ್ಮ ಕಡೆಯೇ ಇರಬೇಕು ಅಂತ ಗುರುಗಳು ನಕ್ಕರು. ನಾನೂ ನಕ್ಕೆ. ಆದರ ನನ್ನ ನಗಿ ಅರ್ಧಕ್ಕ ನಿಂತಿತು, ಯಾಕಂದರ ಮುಂದಿನ ಒಂಬತ್ತೇ ವರ್ಷಕ್ಕ ಏನಾತು ಅನ್ನುವುದಕ್ಕ ನಾನೇ ಸಾಕ್ಷಿ.

1970ರಿಂದಲೇ ಮಳಿ ಕೈಕೊಡಾಕ ಹತ್ತಿತ್ತು. 1972ಕ್ಕ ಮುಂಗಾರಿಯೂ ಹೋತು, ಹಿಂಗಾರಿಯೂ ಹೋತು. ಊರಾಗ ಗುರ್ಜಿ ಆಡಿದೆವು, ಮನಿಮನಿಯವರು ತಲಿ ಮ್ಯಾಲೆ ನೀರು ಸುರುವಿದರು, ಮಳಿ ಮಾತ್ರ ಸುರೀಲಿಲ್ಲ. ಬಾವಿಯ ತಳದಾಗ ಹುಡುಗರನ್ನ ಇಳಿಸಿ ಬಟ್ಟಲಲೆ ನೀರು ತುಂಬತಿದ್ದರು. ನಾನು ಆಗ ಏಳನೆಯ ಇಯತ್ತೆ. ಆ ಬ್ಯಾಸಗಿಯಾಗ ಊರ ಪಡುವಲಕ್ಕ ಕೆಲಸಾ ಸುರು ಆತು. ಕೆರೆ ಏರಿಗೆ ಮಣ್ಣು ಹಾಕೂದು, ರಸ್ತೆಗೆ ಖಡಿ ಒಡೆಯೂದು. ಹಲಗಿ ಮ್ಯಾಲೆ ಬರೆದಿತ್ತು, ಸ್ಕೇರ್ಸಿಟಿ ಅಂತ.

ಅವ್ವ ಖಡಿ ಒಡೆಯಾಕ ಹೋದಳು. ಮುಕಾದಮ ನನ್ನ ಹೆಸರು ಹಾಜರಿ ಪುಸ್ತಕದಾಗ ಬರೀಲಿಲ್ಲ, ವಯಸ್ಸು ಸಾಲದು ಅಂದ. ಹಿಂಗಾಗಿ ಅವ್ವನ ಲೆಕ್ಕಕ್ಕೇ ನಾನೂ ಕಲ್ಲು ಒಡೀತಿದ್ದೆ. ಬ್ರಾಸ್ ಲೆಕ್ಕದ ಮ್ಯಾಲೆ ಪಗಾರ. ಖಡಿಯ ಗುಂಪಿ ಅಳತಿಗೆ ಬಂದರ ಉಂಟು, ಇಲ್ಲಂದರ ನಾಳೆ. ಚೂರು ಸಿಡಿದು ಕಣ್ಣಿಗೆ ಬಡೀತಿದ್ದವು. ಮಧ್ಯಾಹ್ನ ಸುಕಡಿ ಕೊಡತಿದ್ದರು, ಸೀ ಇರತಿತ್ತು. ರೇಷನ್ನಿನಾಗ ಪರದೇಶದ ಕೆಂಪು ಜ್ವಾಳ, ಮಿಲೋ ಅಂತ. ಅದರ ರೊಟ್ಟಿ ಬಡದರ ಸೀಳತಿತ್ತು, ಉಂಡರ ಗಂಟಲಾಗ ನಿಲ್ಲತಿತ್ತು. ಆದರೂ ಉಂಡೆವು. ಆ ವರ್ಷ ನಮ್ಮ ಊರಾಗ ಹಸಿದು ಸತ್ತವರು ಯಾರೂ ಇಲ್ಲ. ಇದನ್ನ ನಾನು ಎದಿ ಮ್ಯಾಲೆ ಕೈಯಿಟ್ಟು ಹೇಳತೀನಿ. 1973ರ ಮೇ ತಿಂಗಳ ಹೊತ್ತಿಗೆ ರಾಜ್ಯದಾಗೆಲ್ಲಾ ಸೇರಿ ಸುಮಾರು 50 ಲಕ್ಷ ಜನ ಇಂಥ ಕೆಲಸದ ಮ್ಯಾಲೆ ಇದ್ದರು. ಹಿಂದ ಬುರುಡಿ ಬಿದ್ದ ನೆಲದ ಪಕ್ಕದಾಗೇ ಈ ಸಲ ಖಡಿ ಬಿತ್ತು. ಇದು ಸಣ್ಣ ಮಾತಲ್ಲ.

ಹಂಗಾದರ ಕಾಯದೆ ಮಾಡಿದವರ ಮಾತೇ ಖರೆ ಆತೇನು? ಅರ್ಧ ಖರೆ ಅಂತೀನಿ. ಸ್ಕೇರ್ಸಿಟಿ ಅನ್ನುವುದು ಲಗೂ ಬರುವ ಶಬ್ದ, ಫ್ಯಾಮಿನ್ ಅನ್ನುವುದು ತಡವಾಗಿ ಬರುವ ಶಬ್ದ. ಲಗೂ ಬರುವ ಶಬ್ದವನ್ನ ಲಗೂ ಆಡಿ, ಅದರ ಹಿಂದ ಕೆಲಸಾ, ಕಾಳು, ನೀರು ಕಳಿಸಿದರ ತಡವಾಗಿ ಬರುವ ಶಬ್ದಕ್ಕ ದಾರಿ ಉಳಿಯೂದಿಲ್ಲ. 1972ರಾಗ ಸ್ಕೇರ್ಸಿಟಿ ಅನ್ನುವ ಶಬ್ದ ಹೆಗಲಿಗೆ ಬುಟ್ಟಿ ಸಲಿಕಿ ಹೊತ್ತುಕೊಂಡೇ ಬಂತು. ಅದಕ್ಕ ನಮ್ಮ ಮುದುಕಿಯರ ಬಾಯಾಗ ಇವತ್ತಿಗೂ ಉಳಿದದ. ಬರೇ ಕಾಗದದ ಶಬ್ದ ಆಗಿದ್ದರ ಯಾವ ಮುದುಕಿ ನೆನಪಿಡತಿದ್ದಳು?

ಇನ್ನರ್ಧ ಬ್ಯಾರೆ ಅದ. ಅಪ್ಪ ಆ ವರ್ಷ ಜೋಡಿ ಎತ್ತು ಮಾರಿದ. ಮೇವು ಇಲ್ಲದ ಕಾಲಕ್ಕ ಎತ್ತಿಗೆ ಬೆಲಿ ಇರೂದಿಲ್ಲ, ಕೊಟ್ಟಷ್ಟಕ್ಕ ಕೊಟ್ಟು ಬಂದ. ಜೂನದಾಗ ನಾನು ಎಂಟನೆಯ ಇಯತ್ತೆಗೆ ಬ್ಯಾರೆ ಊರಿನ ಶಾಲೆಗೆ ಹೆಸರು ಹಚ್ಚಬೇಕಿತ್ತು. ಮಳಿ ಅಂತೂ ಆ ವರ್ಷ ಬಂತು. ಆದರ ಹೊಲದಾಗ ಎತ್ತು ಇಲ್ಲ. ಅಪ್ಪ ಒಂದು ಕಡೆ, ನಾನು ಒಂದು ಕಡೆ ಹೆಗಲು ಕೊಟ್ಟು ಕುಂಟಿ ಎಳೆದೆವು. ಶಾಲೆ ಅಲ್ಲಿಗೆ ಮುಗೀತು. ಸರ್ಕಾರದ ಪುಸ್ತಕದಾಗ ನಮ್ಮ ಮನಿಯ ಕೊರತೆ ನೀಗಿತ್ತು. ಎಷ್ಟು ಬ್ರಾಸ್ ಖಡಿ, ಎಷ್ಟು ರೂಪಾಯಿ ಪಗಾರ, ಎಲ್ಲಾ ಲೆಕ್ಕ ಸರಿ ಇತ್ತು. ಎತ್ತು ಹೋದದ್ದು, ಶಾಲೆ ಹೋದದ್ದು ಆ ಲೆಕ್ಕದಾಗ ಬರೂದಿಲ್ಲ. ವಸ್ತು ಎಣಿಸುವ ಶಬ್ದಕ್ಕ ಇದು ಕಾಣೂದಿಲ್ಲ. ನಮ್ಮ ಹಿರಿಯರ "ಬರ" ಅನ್ನುವ ಶಬ್ದದಾಗ ಇದೆಲ್ಲಾ ಹಿಡಿಸತಿತ್ತು.

ಈ ಎರಡು ಶಬ್ದ ಬ್ಯಾರೆ ಬ್ಯಾರೆ ಅನ್ನೂದನ್ನ ಜಗತ್ತಿಗೆ ಚಲೋತಂಗ ತೋರಿಸಿದವರು ಅಮರ್ತ್ಯ ಸೇನ್. ಬಂಗಾಲದ ಬರವನ್ನ ಸಣ್ಣ ಹುಡುಗನಿದ್ದಾಗ ಕಣ್ಣಾರೆ ಕಂಡವರು. 1981ರಾಗ ಅವರು ಬಡತನ ಮತ್ತು ಬರದ ಮ್ಯಾಲೆ ಒಂದು ಪುಸ್ತಕ ಬರೆದರು, 1998ರಾಗ ಅವರಿಗೆ ನೊಬೆಲ್ ಬಂತು. ಬಂಗಾಲದಾಗ 1943ಕ್ಕ ಇದ್ದ ಅಕ್ಕಿ 1941ರಾಗ ಇದ್ದದ್ದಕ್ಕಿಂತ ಕಡಿಮಿ ಏನೂ ಇರಲಿಲ್ಲ, ಬಡವರ ಕೈಯಾಗ ಅದನ್ನ ಕೊಳ್ಳುವ ಶಕ್ತಿ ಇರಲಿಲ್ಲ ಅಂತ ಅವರು ಲೆಕ್ಕ ಕೊಟ್ಟರು. ಗುರುಗಳು ಇದನ್ನ ಹೇಳಿದಾಗ ನಾನು ನನ್ನ 1972ನ್ನ ಅದರ ಬಾಜೂಕ ಇಟ್ಟು ನೋಡಿದೆ. ಬಂಗಾಲದಾಗ ಕೊರತೆ ಅಷ್ಟು ದೊಡ್ಡದಿರಲಿಲ್ಲ, ಬರ ದೊಡ್ಡದು ಬಿತ್ತು. ನಮ್ಮಲ್ಲಿ ಕೊರತೆ ಭಾಳ ದೊಡ್ಡದಿತ್ತು, ಹೆಣ ಬೀಳುವ ಬರ ಬೀಳಲಿಲ್ಲ. ಯಾಕಂದರ ನಮ್ಮ ಕೈಯಾಗ ಪಗಾರ ಇತ್ತು. ಕಾಳು ಪ್ಯಾಟಿಯಾಗ ಇದ್ದರ ಸಾಲದು, ಗಂಗಾಳಕ್ಕ ಬರಬೇಕು. ಪ್ಯಾಟಿಗೂ ಗಂಗಾಳಕ್ಕೂ ನಡುವ ಎಷ್ಟು ದೂರ ಅದ, ಈ ಎರಡು ಶಬ್ದಕ್ಕೂ ನಡುವ ಅಷ್ಟೇ ದೂರ ಅದ.

ಆ ಪಗಾರದ ಹಿಂದ ನಮ್ಮ ಸಾಂಗಲಿ ಜಿಲ್ಲೆಯವರೇ ಆದ ವಿ. ಸ. ಪಾಗೆ ಅವರ ವಿಚಾರವೂ ಇತ್ತು ಅನ್ನೂದನ್ನ ಹೇಳಬೇಕು. ದುಡಿಯತೀನಿ ಅಂದವನಿಗೆ ಕೆಲಸಾ ಕೊಡೂದು ಸರ್ಕಾರದ ಹೊಣಿ ಅಂತ ಅವರು ಹಿಡಿದ ಹಟದಿಂದ ರೋಜಗಾರ ಹಮೀ ಯೋಜನೆ ಬಂತು. 1977ರಾಗ ಅದು ಕಾಯದೆ ಆತು. ಮುಂದ 2005ರಾಗ ದೇಶಕ್ಕೆಲ್ಲಾ ಉದ್ಯೋಗ ಖಾತ್ರಿಯ ಕಾಯದೆ ಬಂದಾಗ ಅದಕ್ಕ ಇದೇ ಹಿರಿಯಣ್ಣ.

ಈಗಿನ ಕಾಲಕ್ಕ ಬರತೀನಿ. ಕೆಲವು ವರ್ಷದ ಹಿಂದಿನ ತನಕ ನಮ್ಮ ಕಡೆ ಎಲ್ಲಾ ನಿಂತಿದ್ದದ್ದು ಪೈಸೇವಾರಿ ಮ್ಯಾಲೆ. ಹಿಂದಿನ ಕಾಲದಾಗ ಹದಿನಾರಾಣೆ ಬೆಳಿ ಅಂದರ ಪೂರಾ ಬೆಳಿ, ಅದಕ್ಕ ಆಣೇವಾರಿ ಅಂತಿದ್ದರು. ಈಗ ರೂಪಾಯಿಗೆ ನೂರು ಪೈಸೆ. ಊರಿನ ಬೆಳಿ 50 ಪೈಸೆಕ್ಕಿಂತ ಕಡಿಮಿ ಬಂದರ ಆ ಊರಿಗೆ ಸವಲತ್ತು ಸಿಗತಿತ್ತು. ನಮ್ಮ ಜ್ವಾಳ ಮಳಿ ನೋಡಿ ಬೆಳೀತದ, 49 ಪೈಸೆಗೂ 51 ಪೈಸೆಗೂ ನಡುವಿನ ಗೆರಿ ಅದಕ್ಕ ಗೊತ್ತಿಲ್ಲ. ಆದರ ಆ ಗೆರಿಯ ಈಚೆ ಬಿದ್ದರ ಕಂದಾಯಕ್ಕ ಸೂಟು, ಪಂಪಿನ ಕರೆಂಟ್ ಬಿಲ್ಲಿನಾಗ ಸೂಟು, ಸಾಲದ ವಸೂಲಿಗೆ ತಡೆ, ಟ್ಯಾಂಕರ, ಶಾಲೆ ಕಾಲೇಜಿನ ಹುಡುಗರಿಗೆ ಪರೀಕ್ಷಾ ಫೀ ಮಾಫಿ ಸಿಗತಿತ್ತು. ಪರೀಕ್ಷಾ ಫೀ ಮಾಫಿ ಅನ್ನೂದನ್ನ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನ ಕೂತೆ. 1973ರಾಗ ಎಣಿಸದ ಒಂದು ಸಂಗತಿಯನ್ನ ಈಗ ಯಾರೋ ಎಣಿಸ್ಯಾರ. ನನ್ನ ಮೊಮ್ಮಗಳು ಕಾಲೇಜಿಗೆ ಹೋಗತಾಳ. ಅವಳ ಫೀ ಒಂದು ಶಬ್ದದ ಮ್ಯಾಲೆ ನಿಂತದ ಅಂದ ಮ್ಯಾಲೆ ಆ ಶಬ್ದ ನನಗ ಸಣ್ಣದಲ್ಲ.

ಶಬ್ದದ ಜಗ್ಗಾಟ ಇನ್ನೂ ಮುಗಿದಿಲ್ಲ. 2016ರ ಏಪ್ರಿಲ್‌ದಾಗ ನಮ್ಮ ಮಿರಜದಿಂದ ಲಾತೂರಿಗೆ ರೈಲಿನಾಗ ಕುಡಿಯುವ ನೀರು ಹೋಗತಿತ್ತು, ಮೊದಲ ಗಾಡಿಯಾಗ 5 ಲಕ್ಷ ಲೀಟರ್. ಆಗಲೂ ಸರ್ಕಾರದ ಆದೇಶದಾಗ ಇದ್ದದ್ದು "ದುಷ್ಕಾಳಸದೃಶ," ಅಂದರ ಬರದಂಥಾದ್ದು. ಹಸಿವಿನಂಥ ಹಸಿವು, ಸಾವಿನಂಥ ಸಾವು ಅಂದಂಗ. ಮಾತು ಮುಂಬಯಿ ಹೈಕೋರ್ಟಿನ ತನಕ ಹೋತು. ಮೇ ತಿಂಗಳಾಗ ಸರ್ಕಾರ, ದುಷ್ಕಾಳಸದೃಶ ಅಂತ ಇದ್ದಲ್ಲಿ ದುಷ್ಕಾಳ ಅಂತಲೇ ಓದಿಕೊಳ್ಳಬೇಕು ಅಂತ ಹೊರಡಿಸಿತು. 29 ಸಾವಿರದಷ್ಟು ಹಳ್ಳಿಗೆ ಒಂದು "ಸದೃಶ" ಹೋತು. ಅದೇ ವರ್ಷ ದೇಶದ ಹವಾಮಾನ ಇಲಾಖೆ ತನ್ನ ಭಾಷೆಯಾಗ ಡ್ರೌಟ್ ಅನ್ನುವ ಶಬ್ದ ಬಿಟ್ಟು, ಮಳೆ ಕೊರತೆಯ ವರ್ಷ ಅನ್ನುವ ಅರ್ಥದ ಶಬ್ದ ಹಿಡೀತು. ಡ್ರೌಟ್ ಮಳಿಯ ಶಬ್ದ, ಅದು ಮೂರನೆಯದು. ಮೊದಲು ಮಳಿ ಹೋಗತದ, ಆಮೇಲೆ ಕಾಳು ಹೋಗತದ, ಕಡೀಕ ಜೀವ ಹೋಗತದ. ಒಂದೊಂದಕ್ಕ ಒಂದೊಂದು ಹೆಸರು ಇದ್ದರೇ ಎಲ್ಲಿ ನಿಂತೀವಿ ಅಂತ ತಿಳಿಯತದ.

ಹೊರದೇಶದಾಗ ಫ್ಯಾಮಿನ್ ಅನ್ನುವ ಶಬ್ದ ಇನ್ನೂ ಜೀವಂತ ಅದ, ಅದಕ್ಕ ಗಟ್ಟಿ ಅಳತಿಯೂ ಅದ. ನೂರರಾಗ 20 ಮನಿಗಳಿಗೆ ತೀರಾ ಅನ್ನ ಇಲ್ಲದಂಗ ಆಗಬೇಕು, ನೂರು ಮಕ್ಕಳಾಗ 30 ಮಕ್ಕಳು ಹಸಿವಿನಿಂದ ತೀರಾ ಸೊರಗಿರಬೇಕು, ದಿನಕ್ಕ 10 ಸಾವಿರ ಜನರಾಗ ಇಬ್ಬರು ಸಾಯಬೇಕು. ಆವಾಗ ಫ್ಯಾಮಿನ್ ಅಂತಾರ. 2011ರಾಗ ಸೊಮಾಲಿಯಾದಾಗ, 2017ರಾಗ ದಕ್ಷಿಣ ಸುಡಾನಿನಾಗ ಹಂಗ ಜಾಹೀರ ಮಾಡಿದರು. ಅಳತಿ ಇರೂದು ಚಲೋ. ಆದರ ಆ ಅಳತಿ ಮುಟ್ಟುವಷ್ಟರಾಗ ಎಷ್ಟೋ ತಾಯಂದಿರು ಕೂಸಿಗೆ ಮಣ್ಣು ಕೊಟ್ಟಿರತಾರ. ಅದಕ್ಕ ನಾ ಹೇಳೂದು, ದೊಡ್ಡ ಶಬ್ದಕ್ಕಾಗಿ ಕಾಯಬಾರದು, ಸಣ್ಣ ಶಬ್ದದ ಹಿಂದ ಅದನ್ನ ಮುಚ್ಚಿಡಲೂ ಬಾರದು.

ಹಾಡಿನ ಮಾತು ಒಂದು ಹೇಳಬೇಕು. ಕೆಲವು ವರ್ಷದ ಹಿಂದ ಒಂದು ಪಟ್ಟಣದಾಗ ಜನಪದ ಕಲಾವಿದರ ಕಾರ್ಯಕ್ರಮ ಇತ್ತು. ನಾನು ಹೊಲ, ಎತ್ತು, ಬರದ ಮ್ಯಾಲೆ ಕಟ್ಟಿದ ಡೊಳ್ಳಿನ ಪದ ಹಾಡುವವನಿದ್ದೆ. ವ್ಯವಸ್ಥಾ ನೋಡಿಕೊಳ್ಳುವವರೊಬ್ಬರು ಬಂದು ಮೆಲ್ಲಗೆ ಅಂದರು, "ಕಾಕಾ, ಮುಂದ ಸಾಹೇಬರು ಕುಂತಾರ. ಬರ ಅನ್ನಬ್ಯಾಡ್ರಿ, ಕೊರತೆ ಅನ್ರಿ." ನಾನು ಅಂದೆ, "ತಮ್ಮಾ, ಬರ ಅಂದರ ಎರಡಕ್ಷರ, ಡೊಳ್ಳಿನ ಎರಡು ಪೆಟ್ಟಿಗೆ ಸರೀ ಕೂಡತದ. ಕೊರತೆ ಅಂದರ ಮೂರಕ್ಷರ, ಒಂದು ಪೆಟ್ಟು ಹೆಚ್ಚಾಗತದ. ಆ ಪೆಟ್ಟು ಯಾರ ಬೆನ್ನಿಗೆ ಹಾಕಲಿ?" ಅವರಿಗೂ ನಗಿ ಬಂತು. ಹಾಡಿದೆ, ಬರ ಅಂತಲೇ ಹಾಡಿದೆ. ಮುಂದ ಕೂತ ಸಾಹೇಬರು ತಾಳ ಹಾಕಿ ಕೇಳಿದರು. ಶಬ್ದಕ್ಕ ಅಂಜುವವರು ಬಹಳ ಸಲ ನಡುವಿನವರೇ ಇರತಾರ.

ನಮ್ಮ ಊರಿನ ಜನಕ್ಕ, ಗುರುಗಳಿಗೆ ನನ್ನ ವಿನಂತಿ ಇಷ್ಟೇ. ಗ್ರಾಮಸಭಾದಾಗ ಠರಾವು ಬರೆಯುವಾಗ ಎರಡೂ ಶಬ್ದ ಕೈಯಾಗ ಇಟ್ಟುಕೊಳ್ಳೋಣ. ಏನು ಕಡಿಮಿ ಆಗೇದ, ಎಷ್ಟು ಕಡಿಮಿ ಆಗೇದ ಅಂತ ಮೊದಲು ಬರೆಯೋಣ. ನೀರು ಎಷ್ಟು ಕೊಡ, ಕಣಿಕಿ ಎಷ್ಟು ಸಿವುಡು. ಅದು ಕೊರತೆಯ ಲೆಕ್ಕ, ಅದನ್ನ ಲಗೂನ ಬರೆಯೋಣ, ಬಾವಿ ತಳ ಕಾಣುವ ಮೊದಲೇ. ಆಮೇಲೆ ಅದರ ಕೆಳಗ ಯಾರಿಗೆ ಏನಾಗೇದ ಅಂತ ಬರೆಯೋಣ. ಯಾರ ಮನಿಯ ಎತ್ತು ಸಂತಿಗೆ ಹೋದವು, ಯಾರು ಕಬ್ಬು ಕಡಿಯಾಕ ಊರು ಬಿಟ್ಟರು, ಯಾವ ಹುಡುಗಿ ಶಾಲೆ ಬಿಟ್ಟಳು. ಅದು ಬರದ ಲೆಕ್ಕ. ಮೊದಲನೆಯದಕ್ಕ ತಲಾಠಿ ಸಹಿ ಮಾಡತಾನ. ಎರಡನೆಯದಕ್ಕ ಊರೇ ಸಹಿ ಮಾಡಬೇಕು, ಯಾಕಂದರ ಅದು ಊರಿಗಷ್ಟೇ ಗೊತ್ತಿರತದ.

ಶಾಲೆಯಾಗ ಮಕ್ಕಳಿಗೆ ಇಂಗ್ಲಿಷ್ ಶಬ್ದ ಬಾಯಿಪಾಠ ಮಾಡಿಸುವಾಗ ಈ ಜೋಡಿಯನ್ನೂ ಕಲಿಸ್ರಿ. ಸ್ಕೇರ್ಸಿಟಿ ಅಂದರ ಬುಟ್ಟಿ ಬರಿದಾಗೂದು, ಫ್ಯಾಮಿನ್ ಅಂದರ ಹೊಟ್ಟಿ ಬರಿದಾಗೂದು ಅಂತ ಹೇಳ್ರಿ. ಬುಟ್ಟಿ ಬರಿದಾದ ದಿನವೇ ಕೂಗಿದರ ಹೊಟ್ಟಿ ಬರಿದಾಗೂದಿಲ್ಲ ಅನ್ನೂದನ್ನೂ ಹೇಳ್ರಿ. ನಮ್ಮ ಪಡುವಲದ ಕೆರೆ ಏರಿ ಮ್ಯಾಲೆ ಕರಕೊಂಡು ಹೋಗಿ ಹೇಳಿದರ ಇನ್ನೂ ಚಲೋ. ಆ ಏರಿಗೆ ಮಣ್ಣು ಹೊತ್ತವರಾಗ ನಾಲ್ಕೈದು ಮಂದಿ ಇನ್ನೂ ಅದಾರ. ಕೇಳಿದರ ಹೇಳತಾರ, ಕೇಳುವವರು ಬೇಕು.